ಮಾತು ಬಾರದ ಮಗುವೂ ಮನೆಯೊಳಗಿನ ಸಂಬಂಧವೂ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘ ಬೆಳೆದು ಬಂದ ದಾರಿ, ಹಾಲಿನ ದರ, ಪಶು ಆಹಾರ ಇವುಗಳ ಬಗ್ಗೆ ಮಾತಾಡುವವರು ಈ ವೇದಿಕೆ ಮೇಲೆ ಬೇಕಾದಷ್ಟು ಜನ ಇದ್ದಾರೆ. ನಮ್ಮನ್ನು ಕರೆಯಲು ಮನೆಗೆ ಬಂದ ಅಧ್ಯಕ್ಷರು, "ಮೇಷ್ಟ್ರೇ, ಅದೆಲ್ಲಾ ನಾವು ನೋಡ್ಕೊಳ್ತೀವಿ. ನೀವೂ ಟೀಚರಮ್ಮನೂ ನಿಮ್ಮ ಹುಡುಗನ ವಿಚಾರ ಹೇಳ್ರಿ. ಮಾತು ಬರದ ಮಕ್ಕಳು ಇನ್ನೂ ಹುಟ್ತಾನೇ ಇದಾವೆ, ಜನ ಇನ್ನೂ ಹರಕೆ ಹೊತ್ಕೊಂಡು ಕೂತೇ ಇದಾರೆ" ಅಂದರು. ಆ ಮಾತಿಗೆ ನಾವು ಒಪ್ಪಿಕೊಂಡೆವು. ಹುಡುಗನನ್ನೂ ಕೇಳಿದೆವು. ಅವನು ಒಂದು ಗಳಿಗೆ ಯೋಚಿಸಿ, ಹೇಳಿ ಅಂತ ಕೈಸನ್ನೆ ಮಾಡಿದ. ಹಾಗಾಗಿ ಹೇಳುತ್ತಿದ್ದೇವೆ.

ನಮ್ಮ ಹುಡುಗ ನಿಮಗೆಲ್ಲ ಗೊತ್ತು. ಹನ್ನೆರಡು ವರ್ಷದಿಂದ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವವನು ಅವನೇ. ಫ್ಯಾಟು ಕಮ್ಮಿ ಬಂತು ಅಂತ ನೀವು ಅವನ ಹತ್ತಿರ ಬೆರಳಿನಲ್ಲೇ ಜಗಳ ಆಡಿದ್ದೀರಿ, ಅವನೂ ಬೆರಳಿನಲ್ಲೇ ಉತ್ತರ ಕೊಟ್ಟಿದ್ದಾನೆ. ಹಿಂದೆಯಿಂದ "ಮೂಗ" ಅಂತ ಕರೆಯುವವರೂ ಇದ್ದೀರಿ. ಅವನಿಗೆ ಕೇಳಿಸುವುದಿಲ್ಲ, ಆದರೆ ಅವನ ಅಮ್ಮನಿಗೆ ಕೇಳಿಸುತ್ತದೆ. ಅವನಿಗೊಂದು ಹೆಸರಿದೆ, ಸಂಘದ ಹಾಜರಿ ಪುಸ್ತಕದಲ್ಲಿ ಬರೆದಿದೆ. ಇರಲಿ, ಅದನ್ನು ದೊಡ್ಡದು ಮಾಡುವುದಕ್ಕೆ ನಾವು ಬಂದಿಲ್ಲ.

ನಮ್ಮ ಮದುವೆ ಆಗಿದ್ದು 1984ರಲ್ಲಿ. ನಾವಿಬ್ಬರೂ ಸೋದರಮಾವ, ಸೊಸೆ. ಹೊಸದುರ್ಗ ತಾಲ್ಲೂಕಿನ ಈ ಊರಿನಿಂದ ಹೊಳಲ್ಕೆರೆ ಕಡೆಗೆ ಕೊಟ್ಟಿದ್ದ ಅಕ್ಕನ ಮಗಳನ್ನೇ ಮತ್ತೆ ಇದೇ ಮನೆಗೆ ತಂದುಕೊಂಡರು. ಆಗ ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಅಜ್ಜಿಯೇ ಅತ್ತೆ ಆದರೆ ಸೊಸೆಗೆ ಕಷ್ಟ ಏನು? ವರದಕ್ಷಿಣೆ ಮಾತಿಲ್ಲ, ಬಂಗಾರದ ಲೆಕ್ಕವಿಲ್ಲ, ನಾಲ್ಕೆಕರೆ ಬೆದ್ದಲು ಹೊರಗಿನವರ ಪಾಲಾಗುವುದಿಲ್ಲ. ಮಳೆ ನಂಬಿ ಬದುಕುವ ನಮ್ಮ ಸೀಮೆಯಲ್ಲಿ ಕಷ್ಟಕ್ಕೆ ಆಗುವವರು ನೆಂಟರೇ. ಇದನ್ನೆಲ್ಲ ಮೂಢತನ ಅಂತ ಒಂದೇ ಮಾತಿನಲ್ಲಿ ತಳ್ಳಿ ಹಾಕುವವರ ಮೇಲೆ ನಮಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಹಿರಿಯರು ನಮ್ಮ ಒಳ್ಳೆಯದಕ್ಕೇ ಮಾಡಿದರು. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು, ಅಷ್ಟೆ.

1986ರಲ್ಲಿ ಮಗಳು ಹುಟ್ಟಿದಳು. ಅವಳು ಚುರುಕು, ವರ್ಷಕ್ಕೇ ಮಾತು. 1989ರಲ್ಲಿ ಹುಡುಗ ಹುಟ್ಟಿದ. ನಾಲ್ಕೈದು ತಿಂಗಳಿಗೆ ಎಲ್ಲ ಮಕ್ಕಳ ಹಾಗೆ ಇವನೂ ಗುಯ್ ಗುಯ್ ಅಂತ ಸದ್ದು ಮಾಡುತ್ತಿದ್ದ. ನಾವು ಮೋಸ ಹೋಗಿದ್ದು ಇಲ್ಲೇ. ಕಿವಿ ಕೇಳದ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ಸದ್ದು ಮಾಡುತ್ತದೆ. ತನ್ನ ದನಿ ತನಗೇ ಕೇಳದೆ ಹೋದಾಗ ಆ ಸದ್ದು ಮುಂದಕ್ಕೆ ಬೆಳೆದು ಮಾತಾಗುವುದಿಲ್ಲ. ಹಾಗೆ ನಿಂತಿದ್ದು ಯಾವಾಗ ಅಂತ ನಮಗೆ ಗೊತ್ತೇ ಆಗಲಿಲ್ಲ. ವರ್ಷವಾದ ಮೇಲೆ ಅನುಮಾನ ಬಂದು ಹಿಂದೆ ನಿಂತು ಸ್ಟೀಲ್ ತಟ್ಟೆ ನೆಲಕ್ಕೆ ಬಡಿದೆವು. ಮಗು ತಿರುಗಿತು! ಅಜ್ಜಿ, "ನೋಡ್ದೇನೋ, ಕಿವಿ ಸರಿಯಾಗೈತೆ. ಗಂಡುಡುಗ್ರಿಗೆ ಮಾತು ತಡ. ನೀನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂದರು. ತಟ್ಟೆ ಬಡಿದಾಗ ನೆಲ ಅದುರುತ್ತದೆ, ಗೋಡೆ ಮೇಲೆ ನಮ್ಮ ನೆರಳು ಆಡುತ್ತದೆ. ಕೂಸು ತಿರುಗಿದ್ದು ಅದಕ್ಕೆ. ಮನೆಯಲ್ಲಿ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ಕಿವಿ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಇವತ್ತಿನ ಭಾಷಣದಲ್ಲಿ ಬೇರೆ ಏನು ಮರೆತರೂ ಇದೊಂದು ಮರೆಯಬೇಡಿ.

ಆಮೇಲೆ ಶುರುವಾಯಿತು ಓಡಾಟ. ಹೊಳಲ್ಕೆರೆಯ ಬಯಲು ಗಣಪತಿಗೆ ಹರಕೆ ಹೊತ್ತೆವು. ಹಿರಿಯೂರಿನ ತೇರುಮಲ್ಲೇಶ್ವರನ ತೇರಿಗೆ ಹೋಗಿ ಬಾಳೆಹಣ್ಣು ಎಸೆದೆವು. ನಾಯಕನಹಟ್ಟಿಗೂ ಹೋದೆವು. ಯಾರೋ ನಾಲಿಗೆ ಕೆಳಗಿನ ದಾರ ಕತ್ತರಿಸಬೇಕು ಅಂದರು, ಇನ್ಯಾರೋ ಬಜೆ ತೇಯ್ದು ನೆಕ್ಕಿಸಿ ಅಂದರು. ಅದನ್ನೂ ಮಾಡಿದೆವು. ದೇವರಿಗೆ ಹೋಗಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ, ಈಗಲೂ ಹೋಗುತ್ತೇವೆ. ಹರಕೆ ತೀರುವ ತನಕ ಡಾಕ್ಟರ ಹತ್ತಿರ ಹೋಗದೆ ಕಾದೆವಲ್ಲ, ಅದು ತಪ್ಪು. ಒಬ್ಬ ಡಾಕ್ಟರಿಗೂ ತೋರಿಸಿದ್ದೆವು ಅನ್ನಿ. ಅವರು ಮಗುವಿನ ಬಾಯಿ ನೋಡಿ, "ಐದು ವರ್ಷಕ್ಕೆ ಬರುತ್ತೆ, ಕಾಯಿರಿ" ಅಂದರು. ಕಿವಿ ಮುಟ್ಟಿಯೂ ನೋಡಲಿಲ್ಲ.

1994ರಲ್ಲಿ, ಮಗುವಿಗೆ ನಾಲ್ಕೂವರೆ ವರ್ಷ ಆದಾಗ, ಸಹೋದ್ಯೋಗಿ ಮೇಷ್ಟ್ರೊಬ್ಬರು ಬೈದು ಮೈಸೂರಿಗೆ ಕಳಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂತ ಇದೆ. 1965ರಲ್ಲಿ ಶುರುವಾಗಿದ್ದು. ಮಾತು ಮತ್ತು ಕಿವಿಯ ತೊಂದರೆಗೇ ಅಂತ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ದೇಶದ ಎಲ್ಲ ಕಡೆಯಿಂದ ಅಲ್ಲಿಗೆ ಜನ ಬರುತ್ತಾರೆ. ನಮ್ಮ ರಾಜ್ಯದಲ್ಲೇ ಇದ್ದರೂ ನಮಗೆ ನಾಲ್ಕೂವರೆ ವರ್ಷ ಅದರ ಹೆಸರು ಗೊತ್ತಿರಲಿಲ್ಲ. ಅಲ್ಲಿ ಮಗುವನ್ನು ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ತೀವ್ರ ಕಿವುಡು, ನಾಲಿಗೆ, ಗಂಟಲು, ಬುದ್ಧಿ ಎಲ್ಲ ಸರಿ ಅಂದರು. ಮಾತು ಬರದೆ ಇರುವುದಕ್ಕೆ ಮಾತು ಕೇಳದೆ ಇರುವುದೇ ಕಾರಣ. ಕಿವಿಗೆ ಬೀಳದ ಮಾತು ಬಾಯಿಗೆ ಹೇಗೆ ಬಂದೀತು?

ಅಲ್ಲಿ ಕೇಳಿದ ಎರಡನೇ ಪ್ರಶ್ನೆ ಇದು: "ನಿಮ್ಮದು ಸಂಬಂಧದಲ್ಲಿ ಮದುವೆಯೇ?" ಹೌದು ಅಂದಾಗ ಅವರು ಬೈಯಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ವಂಶದ ಚಿತ್ರ ಬರೆದುಕೊಂಡು ಬಿಡಿಸಿ ಹೇಳಿದರು. ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಮನುಷ್ಯನ ಮೈಯಲ್ಲಿ ಪ್ರತಿಯೊಂದು ಗುಣಕ್ಕೂ ವಂಶವಾಹಿ ಅಂತ ಇರುತ್ತವೆ. ಹೆಚ್ಚುಕಡಿಮೆ ಎಲ್ಲವೂ ಜೋಡಿ ಜೋಡಿ, ಒಂದು ಅಪ್ಪನಿಂದ, ಒಂದು ಅವ್ವನಿಂದ. ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ, ಒಂಟೆತ್ತಿನ ಬೇಸಾಯದ ಹಾಗೆ. ಆ ಮನುಷ್ಯನಿಗೆ ಏನೂ ಆಗುವುದಿಲ್ಲ, ತನ್ನಲ್ಲಿ ಅಂಥದ್ದೊಂದು ಇದೆ ಅಂತ ಗೊತ್ತೂ ಆಗುವುದಿಲ್ಲ. ಇಂಥ ಮುಚ್ಚಿಟ್ಟ ದೋಷಗಳು ನಮ್ಮ ನಿಮ್ಮ ಎಲ್ಲರಲ್ಲೂ ಒಂದಷ್ಟು ಇವೆ. ಈ ಸಭೆಯಲ್ಲಿ ಇಲ್ಲದವರು ಒಬ್ಬರೂ ಇಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಇದ್ದು, ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದರೆ ಮಾತ್ರ ತೊಂದರೆ. ಹೊರಗಿನವರನ್ನು ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವುದು ಕಮ್ಮಿ. ಒಂದೇ ಅಜ್ಜ ಅಜ್ಜಿಯ ಬಳ್ಳಿಯವರಾದರೆ ಜಾಸ್ತಿ.

ಎಷ್ಟು ಜಾಸ್ತಿ? ಹಳೇ ಲೆಕ್ಕದ ಹಿರಿಯರಿಗಾಗಿ ಆಣೆಯಲ್ಲಿ ಹೇಳುತ್ತೇವೆ. ಒಂದು ರೂಪಾಯಿಗೆ ಹದಿನಾರಾಣೆ ತಾನೆ? ಅಕ್ಕನ ಮಗಳನ್ನು ಮದುವೆಯಾದರೆ ಹುಟ್ಟುವ ಮಗುವಿನಲ್ಲಿ ರೂಪಾಯಿಗೆ ಎರಡಾಣೆಯಷ್ಟು ಜೋಡಿಗಳು ಒಂದೇ ಹಿರಿಯರಿಂದ ಬಂದ ತದ್ರೂಪಗಳಾಗಿರುತ್ತವೆ. ಸೋದರಮಾವನ ಮಗಳು, ಸೋದರತ್ತೆ ಮಗಳಾದರೆ ಒಂದಾಣೆ. ಆ ಎರಡಾಣೆಯ ಒಳಗೆ ಕೆಟ್ಟದ್ದು ಸಿಕ್ಕಿಕೊಂಡರೆ ಆಯಿತು. ಹಾಗಂತ ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ಹೀಗೆ ಅಂತ ಯಾರೂ ತಿಳಿಯಬಾರದು. ಯಾವ ದಂಪತಿಗೇ ಆಗಲಿ, ಹುಟ್ಟುವ ಮಗುವಿಗೆ ದೊಡ್ಡ ನ್ಯೂನತೆ ಇರುವ ಸಂಭವ ನೂರಕ್ಕೆ ಎರಡು ಮೂರು. ಸೋದರ ಸಂಬಂಧದ ದಂಪತಿಗೆ ಅದರ ಮೇಲೆ ಇನ್ನು ಎರಡು ಮೂರು ಸೇರುತ್ತದೆ, ಅಕ್ಕನ ಮಗಳಾದರೆ ಅದಕ್ಕಿಂತ ಹೆಚ್ಚು. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ನಮ್ಮ ಮಗಳೇ ಇದ್ದಾಳಲ್ಲ. ಅದಕ್ಕೇ ಜನ ನಂಬುವುದಿಲ್ಲ. "ನಮ್ಮ ತಾತನೂ ಅಕ್ಕನ ಮಗಳನ್ನೇ ಆಗಿದ್ದು, ಏನಾಯ್ತು?" ಅಂತಾರೆ.

1980ರಿಂದ 1989ರವರೆಗೆ ಬೆಂಗಳೂರು, ಮೈಸೂರು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ವಿವರ ತೆಗೆದುಕೊಂಡು ಲೆಕ್ಕ ಹಾಕಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಅವರೂ ಆಸ್ಟ್ರೇಲಿಯಾದ ಬಿಟಲ್ಸ್ ಎಂಬ ವಿಜ್ಞಾನಿಯೂ ಅದನ್ನು 1993ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಮೂರು ಮದುವೆಗೆ ಒಂದು ರಕ್ತಸಂಬಂಧದಲ್ಲೇ ಆಗಿತ್ತು. ಪಟ್ಟಣದಲ್ಲೇ ಹಾಗಾದರೆ ನಮ್ಮ ಹಳ್ಳಿಗಳ ಕಥೆ ನೀವೇ ಊಹಿಸಿ.

ಮೈಸೂರಿನಿಂದ ವಾಪಸು ಬಂದು ಇದನ್ನು ಹೇಳಿದಾಗ ಅಜ್ಜಿ ಸುತರಾಂ ಒಪ್ಪಲಿಲ್ಲ. "ನಮ್ಮ ವಂಶದಾಗೆ ಏಳು ತಲೆಯಿಂದ ಒಬ್ಬ ಮೂಗ ಹುಟ್ಟಿಲ್ಲ" ಅಂದುಬಿಟ್ಟರು. ಆಗ ನಮಗೆ ಉತ್ತರ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಮಾರಿಕಣಿವೆ ನಮ್ಮ ಪಕ್ಕದಲ್ಲೇ ಇದೆ. 1907ರಲ್ಲಿ ಕಟ್ಟಿ ಮುಗಿಸಿದ ಕಟ್ಟೆ. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬೀಳುವುದಕ್ಕೆ 2022 ಬರಬೇಕಾಯಿತು. ನಡುವೆ 89 ವರ್ಷ. ಕೋಡಿ ಬೀಳುವುದನ್ನು ನೋಡದೇ ಒಂದು ಇಡೀ ತಲೆಮಾರು ಹುಟ್ಟಿ ಸತ್ತಿತು. ಅವರೂ "ವಾಣಿವಿಲಾಸ ಕೋಡಿ ಬೀಳೋದಿಲ್ಲ ಬಿಡ್ರಿ" ಅಂತಲೇ ಹೇಳುತ್ತಿದ್ದರು. ಕೋಡಿಯಂತೂ ಅಲ್ಲೇ ಇತ್ತಲ್ಲ? ವಂಶದ ದೋಷವೂ ಹಾಗೆಯೇ. ಐದಾರು ತಲೆ ಕಾಣಿಸದೇ ಹರಿದು ಬಂದು, ಎರಡು ಕಡೆಯದು ಸೇರಿದ ದಿನ ಕಾಣಿಸುತ್ತದೆ.

ಇನ್ನೊಂದು ಹೋಲಿಕೆ ಹೇಳುತ್ತೇವೆ, ಮನುಷ್ಯರನ್ನು ದನಕ್ಕೆ ಹೋಲಿಸಿದರು ಅಂತ ಬೇಸರ ಮಾಡಿಕೊಳ್ಳಬೇಡಿ. ಇದು ಹಾಲಿನ ಸಂಘ, ಇದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಸಂಘದಲ್ಲಿ ಹಸುವಿಗೆ ಇಂಜೆಕ್ಷನ್ ಕೊಡುವಾಗ ವೀರ್ಯ ನಳಿಕೆಯ ಮೇಲಿನ ಹೋರಿಯ ನಂಬರು ಬರೆದುಕೊಳ್ಳುತ್ತಾರೆ. ಯಾಕೆ? ಅದೇ ಹೋರಿಯಿಂದ ಹುಟ್ಟಿದ ಕಡಸಿಗೆ ಮತ್ತೆ ಅದೇ ಹೋರಿಯದು ಹಾಕಬಾರದು ಅಂತ. ಎಚ್.ಎಫ್. ತಳಿಯಲ್ಲಿ 1952ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐವನ್ಹೋ ಎಂಬ ಒಂದು ಹೋರಿ ಇತ್ತಂತೆ. ಅದರ ಹೆಣ್ಣು ಮಕ್ಕಳು ಭಾರಿ ಹಾಲು ಕೊಡುತ್ತಿದ್ದವು ಅಂತ ಅದರ ಬೀಜ ಪ್ರಪಂಚಕ್ಕೆಲ್ಲ ಹರಡಿತು. ಹೋರಿ ನೋಡಲು ಗಟ್ಟಿಮುಟ್ಟು. ಆದರೆ ಅದರಲ್ಲಿ ಒಂದು ಮುಚ್ಚಿಟ್ಟ ದೋಷ ಇತ್ತು. ಮೊಮ್ಮಕ್ಕಳು, ಮರಿಮಕ್ಕಳ ಕಾಲಕ್ಕೆ ಎರಡು ಕಡೆಯಿಂದಲೂ ಅದೇ ದೋಷ ಕೂಡಿ, ರೋಗ ತಡೆಯುವ ಶಕ್ತಿಯೇ ಇಲ್ಲದ ಕರುಗಳು ಹುಟ್ಟಿ ಸಾಯತೊಡಗಿದವು. ಅದನ್ನು ಕಂಡುಹಿಡಿದ ಮೇಲೆ ಈಗ ವೀರ್ಯ ಕೇಂದ್ರಗಳಲ್ಲಿ ಹೋರಿಯ ರಕ್ತ ಪರೀಕ್ಷೆ ಮಾಡಿ ಆ ದೋಷ ಇಲ್ಲದ ಹೋರಿಯನ್ನೇ ಇಟ್ಟುಕೊಳ್ಳುತ್ತಾರೆ. ಹಸುವಿನ ವಿಚಾರದಲ್ಲಿ ಇಷ್ಟು ನೋಡುವ ನಾವು, ಮಗಳ ಮದುವೆಯಲ್ಲಿ ಗೋತ್ರ, ನಕ್ಷತ್ರ ನೋಡಿ ಸುಮ್ಮನಾಗುತ್ತೇವೆ.

ನಮ್ಮ ಹುಡುಗನ ದೋಷಕ್ಕೂ ಹೆಸರಿದೆ. 2012ರಲ್ಲಿ ರಕ್ತ ಪರೀಕ್ಷೆಗೆ ಕಳಿಸಿದಾಗ ಗೊತ್ತಾಯಿತು, ಕನೆಕ್ಸಿನ್ 26 ಅಂತ. ಈ ವಂಶವಾಹಿ ಕೆಟ್ಟರೆ ಕಿವುಡು ಬರುತ್ತದೆ ಅಂತ ಕಂಡುಹಿಡಿದಿದ್ದೇ 1997ರಲ್ಲಿ, ನಮ್ಮ ಹುಡುಗ ಹುಟ್ಟಿ ಎಂಟು ವರ್ಷ ಆದ ಮೇಲೆ. ಒಳಕಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಜೀವಕೋಶಗಳಿಗೆ ಆಸರೆಯಾದ ಜೀವಕೋಶಗಳ ನಡುವೆ ಲವಣ ಹಾದು ಹೋಗಲು ಸಣ್ಣ ಸಣ್ಣ ತೂಬುಗಳಿರುತ್ತವೆ. ಆ ತೂಬು ಕಟ್ಟುವ ಪದಾರ್ಥ ಇದು. ಮೇಷ್ಟ್ರ ಭಾಷೆಯಲ್ಲಿ ಹೇಳುವುದಾದರೆ ಅದು 226 ಪದಗಳ ಒಂದು ವಾಕ್ಯ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ತಪ್ಪು, 24ನೇ ಪದದ ಜಾಗದಲ್ಲಿ ಪೂರ್ಣವಿರಾಮ ಬಿದ್ದುಬಿಡುವುದು. ಮುಂದಿನದು ಬರೆಯುವುದೇ ಇಲ್ಲ. ತೂಬು ಕಟ್ಟುವುದಿಲ್ಲ. ಒಂದೇ ಒಂದು ಅಕ್ಷರದ ತಪ್ಪಿಗೆ ಅಷ್ಟು ದೊಡ್ಡ ದಂಡ. ನಾವು ಎಷ್ಟೋ ಮಕ್ಕಳ ಕಾಪಿಯಲ್ಲಿ ಅಕ್ಷರದ ತಪ್ಪು ತಿದ್ದಿದ್ದೇವೆ, ಇದನ್ನು ತಿದ್ದುವ ಕೆಂಪು ಪೆನ್ನು ನಮ್ಮ ಕೈಯಲ್ಲಿರಲಿಲ್ಲ.

ಒಂದು ವಿಚಾರ ತಾಯಂದಿರಿಗೆ. ನಮ್ಮ ಮನೆಯಲ್ಲಿ ಹುಡುಗ ಹೀಗೆ ಅಂತ ಗೊತ್ತಾದಾಗ ಊರವರೆಲ್ಲ ಅವನ ತಾಯಿಯನ್ನೇ ಕೇಳಿದರು. ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ, ಬಸುರಿಯಲ್ಲಿ ಏನು ತಿಂದೆ, ಯಾರ ಕಣ್ಣು ಬಿತ್ತು. ಒಬ್ಬರೂ ತಂದೆಯನ್ನು ಕೇಳಲಿಲ್ಲ. ಜೋಡಿಯಲ್ಲಿ ಒಂದು ಅಪ್ಪನಿಂದ ಬರದೇ ಈ ಕಿವುಡು ಬರುವುದಕ್ಕೆ ಸಾಧ್ಯವೇ ಇಲ್ಲ. ಇಬ್ಬರದೂ ಸಮಪಾಲು, ಸಮಪಾಲು ಅಂದರೆ ಇಬ್ಬರದೂ ತಪ್ಪಲ್ಲ. ಇಂಥ ಮಗು ಹುಟ್ಟಿತು ಅಂತ ಹೆಣ್ಣುಮಗಳನ್ನು ತವರಿಗೆ ಅಟ್ಟಿದ್ದನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಅದನ್ನು ಮಾಡಿದವರು ಈ ಲೆಕ್ಕ ಕೇಳಿಸಿಕೊಳ್ಳಲಿ.

ಇನ್ನೊಂದು ತಪ್ಪು ತಿಳುವಳಿಕೆ. ಇಂಥ ದಂಪತಿಗೆ ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗುವ ಸಂಭವ ಅಂತ ಡಾಕ್ಟರು ಹೇಳುತ್ತಾರೆ. ಜನ, "ಒಂದು ಆಗೋಯ್ತಲ್ಲ, ಇನ್ನು ಮೂರು ಸರಿಯಾಗೇ ಹುಟ್ತಾವೆ" ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಲ್ಲ. ಚೌಕಾಬಾರದಲ್ಲಿ ಕವಡೆ ಹಾಕುತ್ತೀರಲ್ಲ, ಹೋದ ಸಲ ಏನು ಬಿತ್ತು ಅಂತ ಕವಡೆಗೆ ನೆನಪಿರುತ್ತದೆಯೇ? ಪ್ರತಿ ಬಸುರಿಗೂ ಲೆಕ್ಕ ಹೊಸದಾಗಿ ಶುರು. ಸತತ ಎರಡು ಮಕ್ಕಳೂ ಹಾಗೇ ಆದ ಮನೆಗಳಿವೆ, ಐದು ಮಕ್ಕಳಲ್ಲಿ ಒಂದೂ ಆಗದ ಮನೆಗಳಿವೆ.

ಎಲ್ಲ ಮಾತಿನ ತೊಂದರೆಗೂ ಕಿವಿಯೇ ಕಾರಣ ಅಂತಲ್ಲ, ಎಲ್ಲದಕ್ಕೂ ಸಂಬಂಧದ ಮದುವೆಯೂ ಕಾರಣವಲ್ಲ. ಲಂಡನ್ನಿನಲ್ಲಿ ಒಂದು ಕುಟುಂಬ ಇದೆ, ಪುಸ್ತಕಗಳಲ್ಲಿ ಅದನ್ನು ಕೆ.ಇ. ಕುಟುಂಬ ಅಂತಷ್ಟೇ ಕರೆಯುತ್ತಾರೆ. ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಮೂರು ತಲೆಮಾರಿನಲ್ಲಿ ಅರ್ಧದಷ್ಟು ಜನರಿಗೆ ಕಿವಿ ಸರಿಯಾಗಿ ಕೇಳುತ್ತದೆ, ಆದರೆ ಬಾಯಿ, ನಾಲಿಗೆ, ತುಟಿಗಳನ್ನು ಮಾತಿಗೆ ಬೇಕಾದ ಹಾಗೆ ಹೊರಳಿಸಲು ಆಗುವುದಿಲ್ಲ, ವಾಕ್ಯ ಕೂಡಿಸುವುದೂ ಕಷ್ಟ. 2001ರಲ್ಲಿ ಅದಕ್ಕೆ ಫಾಕ್ಸ್‌ಪಿ2 ಎಂಬ ವಂಶವಾಹಿ ಕಾರಣ ಅಂತ ಗೊತ್ತಾಯಿತು. ಅಲ್ಲಿ ಎರಡು ಕಡೆಯಿಂದ ಬರಬೇಕಾಗಿಲ್ಲ, ಒಂದೇ ಸಾಕು. ತೊದಲು, ಉಗ್ಗು ಕೂಡ ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ಪಾಕಿಸ್ತಾನದ ಉಗ್ಗುವ ಕುಟುಂಬಗಳನ್ನು ಪರೀಕ್ಷಿಸಿ ಅದಕ್ಕೂ ವಂಶವಾಹಿಗಳಿವೆ ಅಂತ 2010ರಲ್ಲಿ ತೋರಿಸಿದರು. ಶಾಲೆಯಲ್ಲಿ ಉಗ್ಗುವ ಹುಡುಗರನ್ನು ನಿಲ್ಲಿಸಿ ಪಾಠ ಓದಿಸಿ, ಉಳಿದ ಮಕ್ಕಳು ನಕ್ಕಾಗ ಸುಮ್ಮನಿದ್ದೆವಲ್ಲ, ಅಂಥ ಹುಡುಗರು ಯಾರಾದರೂ ಈ ಸಭೆಯಲ್ಲಿದ್ದರೆ ಮೇಷ್ಟ್ರಾಗಿ ಕ್ಷಮೆ ಕೇಳುತ್ತೇವೆ. ಡೌನ್ ಸಿಂಡ್ರೋಮ್ ಅನ್ನುವುದರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ, ಅಂಥ ಮಕ್ಕಳಿಗೆ ಮಾತು ತಡ. ಅದಕ್ಕೂ ಸೋದರಿಕೆಗೂ ಸಂಬಂಧವಿಲ್ಲ. ಇನ್ನು ಸೀಳುತುಟಿ, ಸೀಳು ಅಂಗುಳ. ಅಂಗುಳ ಸೀಳಿದ್ದರೆ ಮಾತು ಮೂಗಿನಲ್ಲಿ ಬರುತ್ತದೆ, ಮಾತು ಕಲಿಯುವ ವಯಸ್ಸಿಗೆ ಮೊದಲೇ ಆಪರೇಷನ್ ಮಾಡಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಕೆಲವು ಕೂಸುಗಳಿಗೆ ಥೈರಾಯ್ಡ್ ರಸ ಕಮ್ಮಿ ಇದ್ದು ಬುದ್ಧಿ, ಮಾತು ಎರಡೂ ಕುಂದುತ್ತವೆ. ಹುಟ್ಟಿದ ವಾರದಲ್ಲೇ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಗೊತ್ತಾಗುತ್ತದೆ, ಆಮೇಲೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು.

ಎಷ್ಟು ದಿನಕ್ಕೆ ಎಷ್ಟು ಬರಬೇಕು ಅಂತ ಅಂಗನವಾಡಿಯಲ್ಲಿ ತಾಯಂದಿರು ಕೇಳುತ್ತಿದ್ದರು. ಮೂರು ತಿಂಗಳಿಗೆ ಜೋರು ಸದ್ದಿಗೆ ಬೆಚ್ಚಬೇಕು, ಅವ್ವನ ದನಿಗೆ ಅಳು ನಿಲ್ಲಿಸಬೇಕು. ಏಳೆಂಟು ತಿಂಗಳಿಗೆ ಕಾಣದ ಕಡೆಯಿಂದ ಕರೆದರೂ ತಿರುಗಬೇಕು. ವರ್ಷಕ್ಕೆ ಹೆಸರಿಗೆ ಓಗೊಡಬೇಕು, ಆಸುಪಾಸಿನಲ್ಲಿ ಒಂದೆರಡು ಮಾತು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಡ" ಅಂತ ಎರಡು ಪದ ಕೂಡಿಸಬೇಕು. ಒಂದು ತಿಂಗಳು ಹೆಚ್ಚುಕಮ್ಮಿ ಆದರೆ ಗಾಬರಿ ಬೇಡ. ಆದರೆ ಎರಡು ವರ್ಷಕ್ಕೂ ಮಾತಿಲ್ಲದ ಮಗುವನ್ನು "ಅವರಪ್ಪನೂ ಹಿಂಗೇ" ಅಂತ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಿದುಳು ಮಾತಿಗೆ ಹದವಾಗಿರುವುದು ಮೊದಲ ಮೂರು ವರ್ಷ. ಮುಂಗಾರು ಹೋದ ಮೇಲೆ ಶೇಂಗಾ ಬಿತ್ತಿದರೆ ಬೆಳೆ ಎಷ್ಟು ಬಂದೀತೋ, ನಾಲ್ಕೂವರೆ ವರ್ಷದ ಮೇಲೆ ಶುರು ಮಾಡಿದ ನಮ್ಮ ಹುಡುಗನ ಮಾತು ಅಷ್ಟೇ ಬಂತು. ಜೇಬಿನಲ್ಲಿ ಇಡುವ ಡಬ್ಬಿಯ ಮೆಷಿನ್ನು ಕೊಟ್ಟರು. ಅವನ ತಾಯಿ ಮೈಸೂರಿನಲ್ಲಿ ಮೂರು ತಿಂಗಳು ಬಾಡಿಗೆ ಕೋಣೆಯಲ್ಲಿ ಇದ್ದು ಹೇಳಿಕೊಡುವುದನ್ನು ಕಲಿತು ಬಂದಳು. "ಅವ್ವ", "ನೀರು", "ಬಾ" ಹೀಗೆ ಇಪ್ಪತ್ತು ಮೂವತ್ತು ಮಾತು ಬಂದವು. ಆಮೇಲೆ ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದೆವು, ಅಲ್ಲಿ ಗೆಳೆಯರಿಂದ ಸನ್ನೆ ಭಾಷೆ ಕಲಿತ. ಮೊದಮೊದಲು ನಾವು ಸನ್ನೆ ಮಾಡಬೇಡ ಅಂತ ಕೈ ಹಿಡಿಯುತ್ತಿದ್ದೆವು, ಬಾಯಿ ಮಾತು ನಿಂತೀತು ಅಂತ. ಅದೂ ತಪ್ಪೇ. ಸನ್ನೆಯೂ ಪೂರಾ ಭಾಷೆಯೇ, ಅದರಲ್ಲಿ ಅವನು ಜಗಳ ಆಡುತ್ತಾನೆ, ಜೋಕು ಹೇಳುತ್ತಾನೆ. ಜಮ್ಮು ಕಡೆಯ ದೋಡಾ ಜಿಲ್ಲೆಯಲ್ಲಿ ಧಡ್ಕಾಯಿ ಅಂತ ಒಂದು ಹಳ್ಳಿ. ವಂಶದಿಂದ ಬಂದ ಕಿವುಡು ಅಲ್ಲಿ ಎಷ್ಟೋ ಮನೆಗಳಲ್ಲಿದೆ. ಅಲ್ಲಿ ಕಿವಿ ಕೇಳುವವರೂ ಸನ್ನೆ ಕಲಿತು ಅವರ ಜೊತೆ ಮಾತಾಡುತ್ತಾರಂತೆ.

2006ರಲ್ಲಿ ನಮ್ಮ ಮಗಳಿಗೆ ಇಪ್ಪತ್ತು ವರ್ಷ ಆದಾಗ ಮತ್ತದೇ ಪ್ರಶ್ನೆ ಬಂತು. ಅವಳ ಸೋದರಮಾವನಿಗೇ ಕೊಡಿ ಅಂತ ಹೊಳಲ್ಕೆರೆ ಕಡೆಯವರು ಕೇಳಿದರು. ಹುಡುಗ ಚಿನ್ನದಂಥವನು, ಅಡಿಕೆ ತೋಟ ಇತ್ತು. ನಾವು ಆಗುವುದಿಲ್ಲ ಅಂದೆವು. ಅವಳಿಗೆ ಕಿವಿ ಸರಿ ಇದ್ದರೂ ಆ ದೋಷ ಅವಳಲ್ಲಿ ಅಡಗಿರುವ ಸಂಭವ ಮೂರರಲ್ಲಿ ಎರಡು ಪಾಲು, ಸೋದರಮಾವನಲ್ಲೂ ಇರಬಹುದು ಅಂತ ಹೇಳಿದೆವು. ಅವರಿಗೆ ಅದು ವಿಜ್ಞಾನವಾಗಿ ಕೇಳಿಸಲಿಲ್ಲ, ಅವಮಾನವಾಗಿ ಕೇಳಿಸಿತು. "ನಮ್ಮ ರಕ್ತ ಕೆಟ್ಟಿದೆ ಅಂತೀಯೇನೇ?" ಅಂತ ತಾಯಿಯೇ ಮಗಳನ್ನು ಕೇಳಿದರು. ಆರು ವರ್ಷ ಆ ಮನೆಯ ಬಾಗಿಲು ನಮಗೆ ಮುಚ್ಚಿತ್ತು, ಹಬ್ಬಕ್ಕಿಲ್ಲ, ಮದುವೆಗಿಲ್ಲ. ಹೊರಗೆ ಸಂಬಂಧ ಮಾಡಿ ಅಂತ ಹೇಳುವುದು ಸುಲಭ, ಮಾಡಿದವರಿಗೆ ಅದರ ಬೆಲೆ ಗೊತ್ತು. ಮಗಳನ್ನು ಚಿತ್ರದುರ್ಗದ ಕಡೆ ಹೊರಗಿನ ಮನೆಗೆ ಕೊಟ್ಟೆವು, ಎರಡು ಮಕ್ಕಳು, ಕಿವಿ ಮಾತು ಎಲ್ಲ ಸರಿ. ಸೋದರಮಾವನೂ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾರೆ. ನಮ್ಮ ಮಾತು ನಿಜ ಅಂತ ರುಜುವಾತಾಗಲು ಅಲ್ಲಿ ಯಾರಿಗೂ ಕೆಟ್ಟದ್ದಾಗಲಿಲ್ಲ, ಅದೇ ಸಂತೋಷ.

ಬಾಗಿಲು ತೆರೆದ ಮೇಲೆ, 2021ರಲ್ಲಿ ಅದೇ ಬಳ್ಳಿಯಲ್ಲಿ ಸೋದರತ್ತೆ ಮಗಳನ್ನು ಆಗಿದ್ದ ಒಬ್ಬ ಹುಡುಗನಿಗೆ ಹೆಣ್ಣು ಮಗು ಹುಟ್ಟಿತು. ಈ ಸಲ ಅವರೇ ಫೋನು ಮಾಡಿ ಏನು ಮಾಡಬೇಕು ಅಂತ ಕೇಳಿದರು. ಹುಟ್ಟಿದ ಮೂರನೇ ದಿನವೇ ಕಿವಿಗೆ ಸಣ್ಣ ನಳಿಗೆ ಇಟ್ಟು ಮೆಷಿನ್ನಿನಲ್ಲಿ ನೋಡಿದರು. ನಿದ್ದೆ ಮಾಡುವ ಕೂಸಿಗೇ ಮಾಡುವ ಪರೀಕ್ಷೆ, ಐದು ನಿಮಿಷವೂ ಬೇಡ, ನೋವಿಲ್ಲ. ಫಲಿತಾಂಶ ಸರಿ ಬರಲಿಲ್ಲ. ಮತ್ತೆ ಮಾಡಿದರು, ಮೂರನೇ ತಿಂಗಳಿಗೆ ಮೈಸೂರು. ಆರನೇ ತಿಂಗಳಿಗೆ ಕಿವಿಯ ಮೆಷಿನ್ನು, ಒಂದೂಕಾಲು ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್. ಒಳಕಿವಿಯೊಳಗೆ ತಂತಿ ಇಟ್ಟು ಸದ್ದನ್ನು ನೇರವಾಗಿ ನರಕ್ಕೆ ಕೊಡುವ ಸಾಧನ ಅದು. ಲಕ್ಷಗಟ್ಟಲೆ ಬೆಲೆ. ಆದರೆ ಬಡವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಿಗುತ್ತದೆ. ಹುಟ್ಟಾ ಕಿವುಡಿರುವ ಮಗುವಾದರೆ ಐದು ವರ್ಷದೊಳಗೆ ಇರಬೇಕು ಅನ್ನುವ ಷರತ್ತಿದೆ, ತಡ ಮಾಡಿದವರಿಗೆ ಅದೂ ಇಲ್ಲ. ಆಪರೇಷನ್ ಆದ ತಕ್ಷಣ ಮಾತು ಬರುವುದಿಲ್ಲ, ಅವ್ವ ಎರಡು ಮೂರು ವರ್ಷ ದಿನಾ ಕೂರಿಸಿಕೊಂಡು ಕಲಿಸಬೇಕು. ಕಲಿಸಿದಳು. ಆ ಹುಡುಗಿ ಈಗ ನಮ್ಮ ಮನೆಗೆ ಬಂದರೆ ಬಾಯಿ ಮುಚ್ಚಿಸುವುದಕ್ಕೆ ಆಗುವುದಿಲ್ಲ. ಹೋದ ದೀಪಾವಳಿಗೆ ಬಂದಾಗ ನಮ್ಮ ಹುಡುಗ ಅವಳ ಕಿವಿ ಹಿಂದಿನ ಸಾಧನ ಮುಟ್ಟಿ ನೋಡಿದ. ಆಮೇಲೆ ತನ್ನ ಶರ್ಟಿನ ಜೇಬು ಮುಟ್ಟಿಕೊಂಡು, ಡಬ್ಬಿ ಇಷ್ಟಿತ್ತು ಅಂತ ನಮಗೆ ತೋರಿಸಿ ನಕ್ಕ. ನಾವಿಬ್ಬರೂ ಆವತ್ತು ಸರಿಯಾಗಿ ಊಟ ಮಾಡಲಿಲ್ಲ.

ನಮ್ಮ ಹುಡುಗನ ಸಂಸಾರದ ಬಗ್ಗೆ ಕೆಲವರು ಗುಸುಗುಸು ಮಾತಾಡಿದ್ದು ನಮ್ಮ ಕಿವಿಗೂ ಬಿದ್ದಿದೆ. ಕಿವಿ ಕೇಳದವನಿಗೆ ಕಿವಿ ಕೇಳದವಳನ್ನೇ ತಂದರು, ಮಗು ಏನಾದೀತು ಅಂತ. ಕಿವುಡಿಗೆ ಕಾರಣವಾಗುವ ವಂಶವಾಹಿಗಳು ನೂರಕ್ಕೂ ಹೆಚ್ಚಿವೆ. ಗಂಡನದು ಒಂದು, ಹೆಂಡತಿಯದು ಇನ್ನೊಂದಾದರೆ ಮಕ್ಕಳಿಗೆ ಕಿವುಡು ಬರುವುದಿಲ್ಲ. ನಮ್ಮ ಸೊಸೆಯದಂತೂ ವಂಶದ್ದೇ ಅಲ್ಲ, ಎಳೆಯ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಹೋಗಿದ್ದು. ಮೊಮ್ಮಗಳಿಗೆ ಈಗ ಏಳು ವರ್ಷ. ನಮ್ಮ ಜೊತೆ ಬಾಯಲ್ಲಿ, ಅಪ್ಪ ಅಮ್ಮನ ಜೊತೆ ಕೈಯಲ್ಲಿ ಮಾತಾಡುತ್ತಾಳೆ. ಅವರ ಹತ್ತಿರ ಒಂದು, ನಮ್ಮ ಹತ್ತಿರ ಒಂದು ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುವುದೂ ಉಂಟು.

ಇನ್ನು ಕೆಲಸಕ್ಕೆ ಬರುವ ಒಂದೆರಡು ವಿಷಯ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ನಡೆಯುತ್ತಿದೆ. ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಕಿವುಡು, ಸೀಳುತುಟಿ, ಡೌನ್ ಸಿಂಡ್ರೋಮ್, ಮಾತು ತಡ ಎಲ್ಲವೂ ಅವರ ಪಟ್ಟಿಯಲ್ಲಿವೆ. ಅವರು ಬಂದ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ಟೀಚರಮ್ಮನ ಅನುಭವದಲ್ಲಿ, ಮಾತು ಬರದ ಮಗುವನ್ನೇ ಆವತ್ತು ಅಜ್ಜಿ ಮನೆಗೆ ಕಳಿಸಿರುತ್ತಾರೆ, ನಾಲ್ಕು ಜನರ ಮುಂದೆ ನಾಚಿಕೆ ಅಂತ. ಎರಡನೆಯದು, 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಮಾತಿನ ನ್ಯೂನತೆ ಅಂತ ಬೇರೆ ಇರಲಿಲ್ಲ. 2016ರ ಹೊಸ ಕಾಯ್ದೆಯ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ನ್ಯೂನತೆಯೂ ಸೇರಿದೆ. ಕಿವಿ ಸರಿಯಿದ್ದು ಮಾತು ಮಾತ್ರ ಇಲ್ಲದವರೂ ಈಗ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಮೂರನೆಯದು, ಸಂಬಂಧದಲ್ಲಿ ಮದುವೆ ಆಗಿಯೇ ಹೋಗಿದ್ದರೆ ಹೆದರಿಕೊಂಡು ಕೂರಬೇಡಿ, ಮುಚ್ಚಿಡಲೂ ಬೇಡಿ. ಬಸುರಿ ಚೀಟಿ ಮಾಡಿಸುವಾಗಲೇ ಡಾಕ್ಟರಿಗೆ ಹೇಳಿ, ಕೂಸು ಹುಟ್ಟಿದ ವಾರದಲ್ಲಿ ಕಿವಿ ಪರೀಕ್ಷೆ ಕೇಳಿ ಮಾಡಿಸಿ. ಮನೆಯಲ್ಲಿ ಹಿಂದೆ ಇಂಥ ಮಗು ಹುಟ್ಟಿದ್ದರೆ ಇನ್ನೊಂದು ಮಗು ಮಾಡಿಕೊಳ್ಳುವ ಮೊದಲೇ ರಕ್ತ ಪರೀಕ್ಷೆಯ ವಿಚಾರ ಕೇಳಿ.

ಮೈಸೂರಿಗೆ ಹೋಗಲು ಗೊತ್ತಾಗದವರು, ಜೊತೆಗೆ ಯಾರೂ ಇಲ್ಲದವರು ನಮ್ಮ ಮನೆಗೆ ಬನ್ನಿ. ನಾವು ಇದುವರೆಗೆ ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗ ಕಡೆಯ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿದ್ದೇವೆ. ಬಸ್ ಚಾರ್ಜು ನಿಮ್ಮದು, ಬುತ್ತಿ ನಮ್ಮದು.

ಹೇಳುವುದು ಇನ್ನೂ ಇತ್ತು. ಆದರೆ ಸಂಜೆ ಹಾಲಿನ ಹೊತ್ತಾಯಿತು. ನಮ್ಮ ಹುಡುಗ ಆಗಿನಿಂದ ಬಾಗಿಲ ಹತ್ತಿರ ನಿಂತು ಕೈಗಡಿಯಾರ ತೋರಿಸುತ್ತಿದ್ದಾನೆ.